ಕಡಿಮೆ ಎಣ್ಣೆ ಕೊಡುವ ಬಾವಿಯ ಪಂಪಿನ ಮೇಲೆ ಕಡಿಮೆ ಖರ್ಚಿನಲ್ಲಿ ಕಣ್ಣಿಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಿನಕ್ಕೆ ಎರಡು ಮೂರು ಬ್ಯಾರೆಲ್ ಕೊಡುವ ತೈಲ ಬಾವಿಗಳನ್ನು ನೋಡಿಕೊಳ್ಳುವವರು, ಅಂಥ ಬಾವಿಗೆ ಸೆನ್ಸರ್ ಮಾಡಿಕೊಡಲು ಹೊರಟ ಎಲೆಕ್ಟ್ರಾನಿಕ್ಸ್ ಹುಡುಗರು, ಸುಮ್ನೆ ಕುತೂಹಲಕ್ಕೆ ಕೇಳುವವರು – ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಇವೇ. ಒಂದು ಕಡೆ ಬರೆದಿಟ್ಟಿದ್ದೇನೆ.

ಕಡಿಮೆ ಎಣ್ಣೆಯ ಬಾವಿ ಅಂದರೆ ದಿನಕ್ಕೆ ಎಷ್ಟು?

ಅಮೆರಿಕದಲ್ಲಿ ಇಂಥ ಬಾವಿಗೆ ಸ್ಟ್ರಿಪ್ಪರ್ ವೆಲ್ ಅನ್ನುತ್ತಾರೆ. ಅಲ್ಲಿನ ತೆರಿಗೆ ಲೆಕ್ಕದಲ್ಲಿ ದಿನದ ಸರಾಸರಿ 15 ಬ್ಯಾರೆಲ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಹೆಸರು. ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್. ಒಂದೆರಡು ಬ್ಯಾರೆಲ್‌ನಲ್ಲೇ ದಿನ ದೂಡುವ ಬಾವಿಗಳೂ ಬೇಕಾದಷ್ಟಿವೆ. ಒಂದು ಮಾತು ನೆನಪಿರಲಿ: ಹಳೆಯ ಬಾವಿಯಲ್ಲಿ ಎಣ್ಣೆಗಿಂತ ನೀರೇ ಜಾಸ್ತಿ ಬರುವುದುಂಟು. ಪಂಪಿಗೆ ಎರಡನ್ನೂ ಎತ್ತುವ ಕೆಲಸ ಒಂದೇ. ಹಾಗಾಗಿ ಪಂಪಿನ ಲೆಕ್ಕ ಹಾಕುವಾಗ ಎಣ್ಣೆ, ನೀರು ಎರಡನ್ನೂ ಸೇರಿಸಿಯೇ ಹಾಕಬೇಕು.

ಬಾವಿಯ ಮೇಲೆ ನಿಂತು ಪಂಪನ್ನು ಆಡಿಸುವ, ಆ ತಲೆ ಆಡಿಸುವ ಯಂತ್ರ ಒಳಗೆ ಏನು ಮಾಡುತ್ತದೆ?

ಏತ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಉದ್ದನೆಯ ತೊಲೆ, ನಡುವೆ ಆಸರೆ. ಒಂದು ತುದಿ ಇಳಿದರೆ ಇನ್ನೊಂದು ಏಳುತ್ತದೆ. ಮುಂದಿನ ತುದಿಯಲ್ಲಿ ಕುದುರೆ ತಲೆ. ಹಿಂದೆ ತಿರುಗುವ ತೋಳು, ಅಂದರೆ ಕ್ರ್ಯಾಂಕ್, ಅದಕ್ಕೆ ಮುಂದಿನ ಭಾರವನ್ನು ಸರಿದೂಗಿಸುವ ತೂಕ, ಅಂದರೆ ಕೌಂಟರ್‌ವೇಟ್, ಆಮೇಲೆ ಗೇರ್‌ಬಾಕ್ಸ್, ಬೆಲ್ಟ್, ಮೋಟಾರ್. ಕುದುರೆ ತಲೆಯಿಂದ ಇಳಿದ ಉಕ್ಕಿನ ಹಗ್ಗ ನುಣ್ಣಗಿನ ಪಾಲಿಶ್ಡ್ ರಾಡನ್ನು ಹಿಡಿದಿರುತ್ತದೆ. ಆ ರಾಡ್ ತನ್ನ ಸುತ್ತ ಎಣ್ಣೆ ಸೋರದಂತೆ ತಡೆಯುವ ಸ್ಟಫಿಂಗ್ ಬಾಕ್ಸಿನ ಮೂಲಕ ಬಾವಿಯೊಳಗೆ ಹೋಗುತ್ತದೆ. ಅದರ ಕೆಳಗೆ ರಾಡಿಗೆ ರಾಡ್ ಜೋಡಿಸಿದ ಉದ್ದನೆಯ ಸರ. ತಳದಲ್ಲಿ ಪಂಪ್: ಒಂದು ಕೊಳವೆ, ಅದರೊಳಗೆ ಮೇಲೆ ಕೆಳಗೆ ಆಡುವ ಪ್ಲಂಜರ್, ಎರಡು ಚೆಂಡಿನ ವಾಲ್ವ್. ಅಷ್ಟೇ.

ರಾಡುಗಳು ಸಾಮಾನ್ಯವಾಗಿ 25 ಅಡಿ ಉದ್ದ. 1000 ಮೀಟರ್ ಆಳದ ಬಾವಿಗೆ ಸುಮಾರು 130 ಬೇಕು. ಯಂತ್ರ ನಿಮಿಷಕ್ಕೆ 6 ಸಲ ಆಡಿದರೆ ದಿನಕ್ಕೆ 8640 ಸಲ, ವರ್ಷಕ್ಕೆ 31 ಲಕ್ಷಕ್ಕೂ ಜಾಸ್ತಿ. ಪ್ರತಿ ಸಲವೂ ಆ 130 ರಾಡುಗಳು, ಅವುಗಳ ಜೋಡಣೆಗಳು ಹಿಗ್ಗಿ ಕುಗ್ಗುತ್ತವೆ. ಯಾವುದೋ ಒಂದು ದಿನ ಒಂದು ಕೈಕೊಡುವುದರಲ್ಲಿ ಆಶ್ಚರ್ಯವಿಲ್ಲ.

ಯಂತ್ರ ಆಡುತ್ತಿದೆಯಲ್ಲ, ಇನ್ನೇನು ನೋಡುವುದು?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ನಾನು ಒತ್ತಿ ಹೇಳಬೇಕಾದ ಮಾತೂ ಇದೇ: ಯಂತ್ರ ಆಡುವುದು ಬೇರೆ, ಎಣ್ಣೆ ಬರುವುದು ಬೇರೆ.

ಒಮ್ಮೆ ಒಂದು ಬಾವಿಯ ಹತ್ತಿರ ನಿಂತಿದ್ದೆ. ಕುದುರೆ ತಲೆ ನಿಧಾನಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು. ಬೆಲ್ಟ್ ಬಿಗಿಯಾಗಿತ್ತು. ಗೇರ್‌ಬಾಕ್ಸಿನ ಸದ್ದಿನಲ್ಲೂ ತಪ್ಪಿಲ್ಲ. ದೂರದಿಂದ ನೋಡಿದವರು ಎಲ್ಲ ಚೆನ್ನಾಗಿದೆ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಟ್ಯಾಂಕಿಗೆ ಹೋಗುವ ಪೈಪಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಪಾಲಿಶ್ಡ್ ರಾಡ್ ಮೇಲೆ ಯಾವಾಗಲೂ ಇರುವ ತೆಳು ಎಣ್ಣೆಯ ಪಸೆ ಒಣಗಿ ಧೂಳು ಹಿಡಿದಿತ್ತು. ಟ್ಯಾಂಕಿನ ಡೈರಿ ತೆಗೆದು ನೋಡಿದರೆ ಒಂಬತ್ತು ದಿನದಿಂದ ಅದೇ ಅಂಕಿ. ಒಳಗೆಲ್ಲೋ ರಾಡ್ ತುಂಡಾಗಿತ್ತು. ಒಂಬತ್ತು ದಿನ ಆ ಮೋಟಾರ್ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ. ಕರೆಂಟ್ ಬಿಲ್ ಮಾತ್ರ ಏರುತ್ತಲೇ ಇತ್ತು.

ಇದಕ್ಕೆಂದೇ ದೊಡ್ಡ ಕಂಟ್ರೋಲರ್‌ಗಳು ಇವೆಯಲ್ಲ, ಅವನ್ನೇ ಹಾಕಬಾರದಾ?

ಇವೆ, ತುಂಬ ಒಳ್ಳೆಯವೂ ಹೌದು. ಅವು ಪಾಲಿಶ್ಡ್ ರಾಡಿಗೆ ಲೋಡ್ ಸೆಲ್ ಹಾಕಿ, ರಾಡ್ ಎಲ್ಲಿದೆ, ಅದರ ಮೇಲೆ ಎಷ್ಟು ಭಾರವಿದೆ ಎಂಬುದನ್ನು ಒಟ್ಟಿಗೆ ಅಳೆದು ಒಂದು ಚಿತ್ರ ಬರೆಯುತ್ತವೆ. ಅದಕ್ಕೆ ಡೈನಮೋಮೀಟರ್ ಕಾರ್ಡ್ ಅನ್ನುತ್ತಾರೆ. 1963ರಲ್ಲಿ ಎಸ್. ಜಿ. ಗಿಬ್ಸ್ ಎಂಬ ಎಂಜಿನಿಯರ್ ರಾಡುಗಳಲ್ಲಿ ಅಲೆ ಹೇಗೆ ಸಾಗುತ್ತದೆ ಎಂಬ ಗಣಿತವನ್ನು ಪ್ರಕಟಿಸಿದ ಮೇಲೆ, ನೆಲದ ಮೇಲಿನ ಅಳತೆಯಿಂದಲೇ ತಳದ ಪಂಪಿನ ಸ್ಥಿತಿ ಲೆಕ್ಕ ಹಾಕುವ ದಾರಿ ತೆರೆಯಿತು. ಇವತ್ತಿಗೂ ಅದರ ಮುಂದೆ ಬೇರೆ ಅಳತೆಗಳು ಸಪ್ಪೆ.

ಆದರೆ ದಿನಕ್ಕೆ ಎರಡು ಬ್ಯಾರೆಲ್ ಬರುವ ಬಾವಿಗೆ ಅದು ಮೂಗಿಗಿಂತ ಮೂಗುತಿ ಭಾರ. ಲೋಡ್ ಸೆಲ್, ಅದರ ಕೇಬಲ್, ಕಂಟ್ರೋಲರ್, ಹಾಕಲು ಬರುವ ತಂತ್ರಜ್ಞ, ಆಮೇಲಿನ ರಿಪೇರಿ – ಒಂದೊಂದೂ ಖರ್ಚೇ. ಸಣ್ಣ ಬಾವಿಗೆ ಅಷ್ಟು ಸೂಕ್ಷ್ಮ ಉತ್ತರ ಬೇಕಿಲ್ಲ. ಯಂತ್ರ ಓಡುತ್ತಿದೆಯಾ? ಎಣ್ಣೆ ಬರುತ್ತಿದೆಯಾ? ನಿನ್ನೆಗಿಂತ ಏನಾದರೂ ಬದಲಾಗಿದೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಆದಂತೆ. ಕಾರ್ಡ್ ಬೇಕೇಬೇಕು ಅನ್ನಿಸಿದ ದಿನ, ಅದನ್ನು ತೆಗೆಯುವವರನ್ನು ಒಂದು ಸಲ ಕರೆಸಿದರಾಯಿತು.

ಒಂದೇ ಒಂದು ಸೆನ್ಸರ್ ಹಾಕುವಷ್ಟು ಹಣ ಇದ್ದರೆ ಯಾವುದು ಹಾಕಲಿ?

ಮೋಟಾರಿಗೆ ಹೋಗುವ ವೈರಿನ ಮೇಲೆ, ಮೋಟಾರ್ ಎಷ್ಟು ಕರೆಂಟ್ (ಆಂಪ್ಸ್) ಎಳೆಯುತ್ತದೆ ಎಂದು ಅಳೆಯುವ ಕ್ಲ್ಯಾಂಪ್. ಎಲೆಕ್ಟ್ರಿಷಿಯನ್ ಕೈಯಲ್ಲಿರುವ ಟಾಂಗ್ ಟೆಸ್ಟರ್ ಇದೆಯಲ್ಲ, ಅದರ ಬಾಯಿಯ ಭಾಗವನ್ನಷ್ಟೇ ಪ್ಯಾನೆಲ್ ಒಳಗೆ ಖಾಯಂ ಕೂರಿಸಿದಂತೆ. ವೈರ್ ಕತ್ತರಿಸಬೇಕಿಲ್ಲ. ಬಾವಿಯ ಬಾಯಿಯ ಹತ್ತಿರವೂ ಹೋಗಬೇಕಿಲ್ಲ. ಎಣ್ಣೆ, ಮಳೆ, ಬಿಸಿಲು ಯಾವುದೂ ತಾಗುವುದಿಲ್ಲ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸುದ್ದಿ ಹೇಳುವ ಇನ್ನೊಂದು ಸೆನ್ಸರ್ ನಾನು ಕಂಡಿಲ್ಲ.

ಕೊಳ್ಳುವಾಗ ಒಂದು ಎಚ್ಚರ. ಕೆಲವು ಕ್ಲ್ಯಾಂಪ್‌ಗಳು ಆಂಪ್ಸ್ ರೂಪದಲ್ಲೇ ಹೊರಗೆ ಕೊಡುತ್ತವೆ. ಅಂಥದ್ದರ ಎರಡು ತಂತಿ ತೆರೆದಿದ್ದಾಗ ಮೋಟಾರ್ ಓಡಿದರೆ ಆ ತುದಿಗಳಲ್ಲಿ ಅಪಾಯಕಾರಿ ವೋಲ್ಟೇಜ್ ಹುಟ್ಟುತ್ತದೆ. ಒಳಗೇ ರೆಸಿಸ್ಟರ್ ಇಟ್ಟು, ಸಣ್ಣ ವೋಲ್ಟೇಜ್ ಹೊರಗೆ ಕೊಡುವ ಬಗೆಯನ್ನೇ ತನ್ನಿ.

ಆಂಪ್ಸ್ ಗೆರೆಯಲ್ಲಿ ಏನೇನು ಕಾಣುತ್ತದೆ?

ಕ್ಲ್ಯಾಂಪ್ ಹೇಳುವ ಅಂಕಿಗಳನ್ನು ಗ್ರಾಫಿನಲ್ಲಿ ಗೆರೆಯಾಗಿ ಎಳೆದರೆ, ಚೆನ್ನಾಗಿ ಓಡುವ ಯಂತ್ರದ ಗೆರೆಯಲ್ಲಿ ಒಂದು ಸುತ್ತಿಗೆ ಎರಡು ಗುಡ್ಡ ಕಾಣುತ್ತವೆ. ರಾಡುಗಳನ್ನು ಮೇಲೆತ್ತುವಾಗ ಒಂದು. ರಾಡ್ ಇಳಿಯುವಾಗ ಮೋಟಾರ್ ಕೌಂಟರ್‌ವೇಟನ್ನು ಎತ್ತಬೇಕಲ್ಲ, ಅದಕ್ಕೆ ಇನ್ನೊಂದು. ಎರಡು ಗುಡ್ಡಗಳ ಎತ್ತರ ಹೆಚ್ಚು ಕಡಿಮೆ ಸಮ ಇದ್ದರೆ ಯಂತ್ರದ ಎರಡು ಕಡೆಯ ತೂಕ ಸರಿದೂಗಿದೆ ಅಂತ ಅರ್ಥ.

ಬೆಲ್ಟ್ ಹರಿದರೆ ಗುಡ್ಡಗಳು ಮಾಯ, ಚಪ್ಪಟೆ ಗೆರೆ. ಆದರೆ ಗೆರೆ ಸೊನ್ನೆಗೆ ಇಳಿಯುವುದಿಲ್ಲ. ಇಂಡಕ್ಷನ್ ಮೋಟಾರ್ ಖಾಲಿ ಓಡುವಾಗಲೂ ಸಾಕಷ್ಟು ಆಂಪ್ಸ್ ಎಳೆಯುತ್ತದೆ. ‘ಆಂಪ್ಸ್ ಇದೆ, ಅಂದರೆ ಓಡುತ್ತಿದೆ’ ಎಂದು ಪ್ರೋಗ್ರಾಂ ಬರೆದವರು ಇಲ್ಲೇ ಎಡವುತ್ತಾರೆ. ಏರಿಳಿತ ಇದೆಯಾ ಎಂದು ನೋಡಬೇಕು.

ಮೇಲ್ಭಾಗದಲ್ಲಿ ರಾಡ್ ತುಂಡಾದರೆ ಎತ್ತುವ ಭಾರವೇ ಹೋಯಿತು. ಮೇಲೇರುವಾಗಿನ ಗುಡ್ಡ ಕುಸಿಯುತ್ತದೆ. ಇಳಿಯುವಾಗ ಕೌಂಟರ್‌ವೇಟ್ ಎತ್ತಲು ರಾಡುಗಳ ಭಾರದ ನೆರವಿಲ್ಲ, ಆ ಗುಡ್ಡ ಏರುತ್ತದೆ. ತಳದ ಹತ್ತಿರ ತುಂಡಾದರೆ ವ್ಯತ್ಯಾಸ ಸಣ್ಣದು, ಕಣ್ತಪ್ಪುವ ಸಾಧ್ಯತೆ ಇದೆ. ಎಣ್ಣೆಯಲ್ಲಿರುವ ಮೇಣ ಬಾವಿಯ ಕೊಳವೆಯೊಳಗೆ ಕಟ್ಟಿಕೊಳ್ಳುತ್ತಿದ್ದರೆ ಎರಡೂ ಗುಡ್ಡಗಳು ದಿನದಿಂದ ದಿನಕ್ಕೆ ನಿಧಾನವಾಗಿ ಬೆಳೆಯುತ್ತವೆ.

ಯಾವ ಗುಡ್ಡ ಏರುವಾಗಿನದು, ಯಾವುದು ಇಳಿಯುವಾಗಿನದು ಎಂದು ಬರೀ ಆಂಪ್ಸ್ ಹೇಳುವುದಿಲ್ಲ. ಕ್ರ್ಯಾಂಕಿಗೆ ಒಂದು ಅಯಸ್ಕಾಂತ, ಅದರ ಎದುರು ಕಂಬಕ್ಕೆ ಒಂದು ಮ್ಯಾಗ್ನೆಟ್ ಸ್ವಿಚ್ ಹಾಕಿ. ಸುತ್ತಿಗೊಮ್ಮೆ ಟಿಕ್ ಅನ್ನುತ್ತದೆ. ಎಣಿಕೆಯೂ ಸಿಗುತ್ತದೆ, ಗುಡ್ಡದ ಗುರುತೂ ಸಿಗುತ್ತದೆ. ಇನ್ನೊಂದು ಮಾತು: ತೂಕ ತಪ್ಪಿದ ಯಂತ್ರ ಕೆಲವು ಕ್ಷಣ ಮೋಟಾರನ್ನೇ ತಳ್ಳುತ್ತದೆ. ಆಗ ವಿದ್ಯುತ್ ವಾಪಸ್ ಹರಿದರೂ ಕ್ಲ್ಯಾಂಪ್ ಅದನ್ನು ಖರ್ಚಿನಂತೆಯೇ ತೋರಿಸುತ್ತದೆ. ಸ್ವಲ್ಪ ಹಣ ಸೇರಿಸಲು ಆಗುವುದಾದರೆ ವೋಲ್ಟೇಜನ್ನೂ ಅಳೆದು ವ್ಯಾಟ್ ಲೆಕ್ಕ ಹಾಕುವ ಮೀಟರ್ ಒಳ್ಳೆಯದು.

ಎರಡನೆಯ ಸೆನ್ಸರ್ ಯಾವುದು?

ಪೈಪಿನ ಉಷ್ಣಾಂಶ. ಎಣ್ಣೆ ಮೇಲೆ ಬರುವ ಕೊಳವೆ, ಅಂದರೆ ಟ್ಯೂಬಿಂಗ್, ತೂತಾದರೆ ಅಥವಾ ವಾಲ್ವ್ ಸವೆದರೆ ಎತ್ತಿದ ಎಣ್ಣೆ ಬಾವಿಯೊಳಕ್ಕೇ ಸೋರಿಹೋಗುತ್ತದೆ. ಆಂಪ್ಸ್ ಗೆರೆಯಲ್ಲಿ ದೊಡ್ಡ ಬದಲಾವಣೆ ಕಾಣದೆಯೂ ಇರಬಹುದು. ಅದಕ್ಕೇ ‘ಎಣ್ಣೆ ಬರುತ್ತಿದೆಯಾ’ ಎಂದು ಬೇರೆಯಾಗಿಯೇ ಕೇಳಬೇಕು.

ಭೂಮಿಯೊಳಗೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಅಲ್ಲಿಂದ ಬಂದ ಎಣ್ಣೆ, ನೀರು ದಾರಿಯಲ್ಲಿ ತಣಿದರೂ ಮೇಲಿನ ಪೈಪನ್ನು ಸ್ವಲ್ಪ ಬೆಚ್ಚಗೆ ಮಾಡುತ್ತವೆ. ಡಿಎಸ್18ಬಿ20ಯಂಥ ಅಗ್ಗದ ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ನಿಖರ, ಇಲ್ಲಿಗೆ ಅಷ್ಟು ಸಾಕು. ಪೈಪಿಗೆ ಒತ್ತಿ ಕಟ್ಟಿ, ಮೇಲೆ ದಪ್ಪ ಫೋಮ್ ಸುತ್ತಿ. ಹೊರಗಿನ ಗಾಳಿಗೆ ಇನ್ನೊಂದನ್ನು ನೆರಳಲ್ಲಿ ತೂಗುಹಾಕಿ. ಎರಡರ ವ್ಯತ್ಯಾಸವೇ ನಿಮಗೆ ಬೇಕಾದ್ದು.

ತುಂಬ ಕಡಿಮೆ ಬರುವ ಬಾವಿಯಲ್ಲಿ ಹಗಲಿನ ಬಿಸಿಲು ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಅಲ್ಲಿ ರಾತ್ರಿಯ ಅಂಕಿಗಳನ್ನೇ ನಂಬಿ. ಬಿಟ್ಟು ಬಿಟ್ಟು ಓಡಿಸುವ ಬಾವಿಯಾದರೆ ಇನ್ನೂ ಸುಲಭ. ಪಂಪ್ ಶುರುವಾದ ಸ್ವಲ್ಪ ಹೊತ್ತಿಗೆ ಪೈಪ್ ಬೆಚ್ಚಗಾಗಬೇಕು. ಆಗಲಿಲ್ಲ ಅಂದರೆ ಹೋಗಿ ನೋಡಬೇಕು, ಅಷ್ಟೇ.

ದಿನವಿಡೀ ಓಡಿಸಿದರೆ ಜಾಸ್ತಿ ಎಣ್ಣೆ ಬರುವುದಿಲ್ಲವಾ?

ಬರುವುದಿಲ್ಲ. ಬಾವಿ ಎಷ್ಟು ಸುರಿಸುತ್ತದೋ ಅಷ್ಟನ್ನೇ ಪಂಪ್ ಎತ್ತಬಲ್ಲದು. ಒಂದು ಲೆಕ್ಕ ಹಾಕೋಣ. ಪ್ಲಂಜರ್ ಅಗಲ ಒಂದೂಕಾಲು ಇಂಚು, ಸ್ಟ್ರೋಕ್, ಅಂದರೆ ಒಂದು ಸಲಕ್ಕೆ ಅದು ಏರುವ ಉದ್ದ, 1 ಮೀಟರ್. ಒಂದು ಸಲಕ್ಕೆ ಸುಮಾರು 0.79 ಲೀಟರ್. ನಿಮಿಷಕ್ಕೆ 6ರಂತೆ ಇಡೀ ದಿನ ಓಡಿದರೆ ಸುಮಾರು 6800 ಲೀಟರ್, ಅಂದರೆ 43 ಬ್ಯಾರೆಲ್. ಬಾವಿ ಎಣ್ಣೆ ನೀರು ಸೇರಿ ಕೊಡುವುದು 10 ಬ್ಯಾರೆಲ್ ಅಂದುಕೊಳ್ಳಿ. ಪಂಪ್ ಕಾಲು ಭಾಗವೂ ತುಂಬುವುದಿಲ್ಲ!

ತುಂಬದಿದ್ದರೆ ಏನಾಗುತ್ತದೆ? ಇಳಿಯುವ ಪ್ಲಂಜರ್ ಮೊದಲು ಖಾಲಿ ಜಾಗದಲ್ಲಿ ಜಾರುತ್ತದೆ, ಆಮೇಲೆ ದ್ರವಕ್ಕೆ ದಬ್ಬನೆ ಹೊಡೆಯುತ್ತದೆ. ಕೈಯಲ್ಲಿ ಪಾಲಿಶ್ಡ್ ರಾಡಿನ ನಡುಕ ಗೊತ್ತಾಗುವಷ್ಟು ಜೋರು ಏಟು ಅದು ಎಂದು ಹಳಬರು ಹೇಳುತ್ತಾರೆ. ಆ ಏಟು ರಾಡಿಗೆ, ಜೋಡಣೆಗೆ, ಗೇರ್‌ಬಾಕ್ಸಿನ ಹಲ್ಲಿಗೆ ಹೋಗುತ್ತದೆ. ರಾಡ್ ತುಂಡಾಗಲು ಇದೊಂದು ದೊಡ್ಡ ಕಾರಣ. ನೀವೇ ಕರೆಂಟ್ ಖರ್ಚು ಮಾಡಿ ನಿಮ್ಮ ಪಂಪನ್ನು ಚಚ್ಚಿದ ಹಾಗೆ.

ಮೇಲಿನ ಬಾವಿಗೆ ಲೆಕ್ಕದಲ್ಲಿ ಐದೂವರೆ ಗಂಟೆ ಓಟ ಸಾಕು. ಪಂಪ್ ಸವೆದಿರುತ್ತದೆ, ಗ್ಯಾಸ್ ನುಗ್ಗುತ್ತದೆ ಎಂದು ಏಳು ಗಂಟೆ ಇಟ್ಟುಕೊಳ್ಳಿ. ಏಳು ಗಂಟೆಯನ್ನು ಒಟ್ಟಿಗೆ ಓಡಿಸಬೇಡಿ. ಪಂಪ್ ನಿಂತಿರುವಾಗ ಬಾವಿಯಲ್ಲಿ ದ್ರವದ ಮಟ್ಟ ಏರುತ್ತದೆ. ಮಟ್ಟ ಏರಿದಷ್ಟೂ ಅದರ ಒತ್ತಡಕ್ಕೆ ಕಲ್ಲಿನಿಂದ ಬರುವ ಎಣ್ಣೆ ಕಡಿಮೆಯಾಗುತ್ತದೆ. ಪ್ರತಿ ಗಂಟೆಗೆ 17, 18 ನಿಮಿಷದಂತೆ ಹಂಚಿದರೆ ಎರಡೂ ಕಡೆ ಲಾಭ. ಆಂಪ್ಸ್ ಗೆರೆ ಇಲ್ಲೂ ನೆರವಿಗೆ ಬರುತ್ತದೆ. ಪಂಪ್ ಖಾಲಿಯಾಗುತ್ತಾ ಬಂದಂತೆ ರಾಡ್ ಇಳಿಯುವಾಗಿನ ಗುಡ್ಡ ತಗ್ಗುತ್ತದೆ, ಸರಾಸರಿಯೂ ಇಳಿಯುತ್ತದೆ. ಅದು ಎಷ್ಟನೇ ನಿಮಿಷಕ್ಕೆ ಶುರುವಾಗುತ್ತದೆ ಎಂದು ಎರಡು ಮೂರು ದಿನ ನೋಡಿ ಟೈಮರ್ ತಿದ್ದಿ. ನನ್ನ ಅನಿಸಿಕೆಯಲ್ಲಿ ಸೆನ್ಸರ್ ಹಾಕಿದ ಹಣ ಮೊದಲು ವಾಪಸ್ ಬರುವುದು ಇಲ್ಲಿಂದಲೇ.

ಕರೆಂಟೇ ಇಲ್ಲದ ಬಾವಿ, ಗ್ಯಾಸ್ ಇಂಜಿನ್ ಇದೆ. ಆಗ?

ಕ್ಲ್ಯಾಂಪ್ ಕೆಲಸಕ್ಕೆ ಬರುವುದಿಲ್ಲ. ಮ್ಯಾಗ್ನೆಟ್ ಸ್ವಿಚ್ ಎಣಿಕೆ, ಪೈಪಿನ ಉಷ್ಣಾಂಶ – ಇವೆರಡನ್ನೇ ಹಾಕಿ. ಸ್ಟ್ರೋಕ್ ವೇಗ ಕುಗ್ಗುತ್ತಾ ಬಂದರೆ ಇಂಜಿನ್ ಸೊರಗುತ್ತಿದೆ ಎಂದೂ ತಿಳಿಯುತ್ತದೆ.

ಸ್ಟಫಿಂಗ್ ಬಾಕ್ಸ್ ಸೋರಿದರೆ ಗೊತ್ತಾಗುವುದು ಹೇಗೆ?

ಅದರ ಕೆಳಗೆ ತಟ್ಟೆ, ತಟ್ಟೆಯಿಂದ ಒಂದು ಡಬ್ಬ, ಡಬ್ಬದಲ್ಲಿ ಫ್ಲೋಟ್ ಸ್ವಿಚ್. ತುಂಬಿದರೆ ಪಂಪ್ ತಾನೇ ನಿಲ್ಲಬೇಕು, ಸಂದೇಶ ಆಮೇಲೆ ಬರಲಿ. ಮಣ್ಣಿಗೆ ಇಳಿದ ಎಣ್ಣೆಯನ್ನು ತೆಗೆಯುವ ಖರ್ಚು, ನೋವು ಎರಡೂ ದೊಡ್ಡವು. ಇದೊಂದನ್ನು ಯಾರೂ ಉಳಿತಾಯದ ಹೆಸರಲ್ಲಿ ಬಿಡಬಾರದು. ಮಳೆನೀರು ಡಬ್ಬಕ್ಕೆ ಬೀಳದಂತೆ ಮುಚ್ಚಳ ಇರಲಿ.

ಟ್ಯಾಂಕಿನ ಮಟ್ಟ ನೋಡಿದರೆ ಸಾಲದಾ?

ಬೇಕು, ಆದರೆ ಅದು ನಿಧಾನ. 3 ಮೀಟರ್ ಅಗಲದ ದುಂಡನೆಯ ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಅಂದರೆ ಸುಮಾರು 70 ಲೀಟರ್. ದಿನಕ್ಕೆ 2 ಬ್ಯಾರೆಲ್ ಬಂದರೆ ನಾಲ್ಕೂವರೆ ಸೆಂಟಿಮೀಟರ್ ಏರುತ್ತದೆ. ಸೆನ್ಸರ್ 1 ಸೆಂಟಿಮೀಟರ್ ತಪ್ಪು ಹೇಳಿದರೆ ಆ ದಿನದ ಲೆಕ್ಕದಲ್ಲಿ ಐದನೇ ಒಂದು ಭಾಗ ಹೋಯಿತು. ವಾರದ ಲೆಕ್ಕಕ್ಕೆ ಚೆನ್ನಾಗಿದೆ, ಅದೇ ದಿನದ ಎಚ್ಚರಿಕೆಗೆ ಸಾಲದು. ಹಲವು ಬಾವಿಗಳು ಒಂದೇ ಟ್ಯಾಂಕಿಗೆ ಬರುತ್ತಿದ್ದರೆ ಯಾವ ಬಾವಿ ನಿಂತಿತೋ ಗೊತ್ತೇ ಆಗುವುದಿಲ್ಲ. ಟ್ಯಾಂಕ್ ಉಕ್ಕದಂತೆ ಮೇಲೊಂದು ಫ್ಲೋಟ್ ಸ್ವಿಚ್ ಮಾತ್ರ ಇರಲೇಬೇಕು.

ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸಂದೇಶ ಕಳಿಸುವುದು ಹೇಗೆ?

ಲೋರಾ ರೇಡಿಯೋ ಇದಕ್ಕೆ ಹೇಳಿ ಮಾಡಿಸಿದ್ದು. ಬಯಲಿನಲ್ಲಿ ಕೆಲವು ಕಿಲೋಮೀಟರ್ ಹೋಗುತ್ತದೆ, ಬ್ಯಾಟರಿ ತಿನ್ನುವುದೂ ಕಡಿಮೆ. ಎಲ್ಲ ಬಾವಿಗಳ ಸಂದೇಶ ಹಿಡಿಯಲು ಸಿಗ್ನಲ್ ಇರುವ ಎತ್ತರದ ಜಾಗದಲ್ಲಿ ಒಂದು ಗೇಟ್‌ವೇ ಸಾಕು. ಒಂದೇ ಒಂದು ಬಾವಿ, ಸಿಗ್ನಲ್ ಇದೆ ಅಂದರೆ ಸಿಮ್ ಹಾಕಿ ಮುಗಿಸಿ.

ಎಲ್ಲ ಅಂಕಿಗಳನ್ನೂ ಕಳಿಸಲು ಹೋಗಬೇಡಿ. ಸೆಕೆಂಡಿಗೆ 20 ಸಲ ಅಳೆದರೆ 10 ಸೆಕೆಂಡಿನ ಒಂದು ಸ್ಟ್ರೋಕಿಗೆ 200 ಅಂಕಿ. ಅದನ್ನು ಬಾವಿಯ ಹತ್ತಿರವೇ ಅರೆದು ಸಾರ ಮಾತ್ರ ಕಳಿಸಿ: ಓಡಿದ ನಿಮಿಷ, ಸ್ಟ್ರೋಕ್ ಎಣಿಕೆ, ಎರಡು ಗುಡ್ಡಗಳ ಎತ್ತರ, ಎರಡು ಉಷ್ಣಾಂಶ, ಬ್ಯಾಟರಿ ವೋಲ್ಟ್. ಕಾಲು ಗಂಟೆಗೆ ಒಂದರಂತೆ ದಿನಕ್ಕೆ 96 ಸಂದೇಶ. ಸಂದೇಶ ಬರುವುದೇ ನಿಂತರೆ ಅದೂ ಒಂದು ಎಚ್ಚರಿಕೆ ಆಗಬೇಕು. ಸುಮ್ಮನಿರುವ ಸೆನ್ಸರನ್ನು ‘ಎಲ್ಲ ಸರಿ’ ಎಂದು ಓದುವುದು ತುಂಬ ದುಬಾರಿ ತಪ್ಪು.

ಎಚ್ಚರಿಕೆಯ ಮಿತಿ ಎಷ್ಟು ಇಡಬೇಕು?

ಎಲ್ಲ ಬಾವಿಗೂ ಒಂದೇ ಮಿತಿ ಅಂತ ಇಲ್ಲ. ಪಕ್ಕಪಕ್ಕದ ಎರಡು ಬಾವಿಗಳೇ ಬೇರೆ ಬೇರೆ ನಡೆಯುತ್ತವೆ. ಬಾವಿಯನ್ನು ಅದರದೇ ನಿನ್ನೆಯ ಜೊತೆ, ಹೋದ ವಾರದ ಜೊತೆ ಹೋಲಿಸಿ. ಮೊದಲ ಎರಡು ವಾರ ಎಚ್ಚರಿಕೆ ಹಾಕಲೇಬೇಡಿ, ಬರೀ ನೋಡಿ. ಆಮೇಲೆ ಆ ಬಾವಿಯ ದಿನನಿತ್ಯದ ಏರಿಳಿತಕ್ಕಿಂತ ಸ್ವಲ್ಪ ಹೊರಗೆ ಗೆರೆ ಎಳೆಯಿರಿ. ಒಂದು ಅಂಕಿ ದಾಟಿದ ಕೂಡಲೇ ಫೋನ್ ಕೂಗಬೇಕಿಲ್ಲ, ಸತತ ಮೂರು ಸಲ ದಾಟಲಿ. ಸೋರಿಕೆ ಮತ್ತು ಟ್ಯಾಂಕ್ ಉಕ್ಕುವುದು ಮಾತ್ರ ತಕ್ಷಣದ ಕೂಗು. ರಾತ್ರಿ ಎರಡು ಗಂಟೆಗೆ ನಾಲ್ಕು ಸಲ ‘ತೋಳ ಬಂತು ತೋಳ’ ಅನ್ನಿಸಿಕೊಂಡವರು ಐದನೇ ಸಲ ಫೋನ್ ಎತ್ತುವುದಿಲ್ಲ.

ಹವ್ಯಾಸಿಗಳು ಬಳಸುವ ಸಣ್ಣ ಬೋರ್ಡ್‌ಗಳಿಂದ ನಾನೇ ಮಾಡಿಕೊಳ್ಳಬಹುದಾ?

ಮೋಟಾರ್ ಪ್ಯಾನೆಲ್ ಒಳಗೆ, ಬಾವಿಯ ಬಾಯಿಂದ ದೂರ ಇರುವ ಭಾಗಕ್ಕೆ ಸರಿ. ಸ್ಟಫಿಂಗ್ ಬಾಕ್ಸ್ ಹತ್ತಿರ, ಟ್ಯಾಂಕಿನ ಮೇಲೆ, ಟ್ಯಾಂಕಿನ ಉಸಿರು ಪೈಪಿನ ಪಕ್ಕದಲ್ಲಿ ಬೇಡವೇ ಬೇಡ. ಅಲ್ಲಿ ಉರಿಯುವ ಗ್ಯಾಸ್ ಇರುತ್ತದೆ. ಸಡಿಲ ವೈರಿನ ಒಂದು ಸಣ್ಣ ಕಿಡಿ ಸಾಕು. ಆ ಜಾಗಕ್ಕೆ ಕಿಡಿ ಹುಟ್ಟಿಸದಂತೆ ಮಾಡಿ, ಪ್ರಮಾಣಪತ್ರ ಪಡೆದ ಸಾಧನಗಳೇ ಬೇಕು, ಅವು ದುಬಾರಿಯಾದರೂ ಸರಿ.

ಹೈಡ್ರೋಜನ್ ಸಲ್ಫೈಡ್ ಬಗ್ಗೆಯೂ ಹೇಳಲೇಬೇಕು. ಕೊಳೆತ ಮೊಟ್ಟೆಯ ವಾಸನೆ. ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ ಆದರೆ ಜೀವಕ್ಕೆ ತಕ್ಷಣದ ಅಪಾಯ, ಆ ಮಟ್ಟದಲ್ಲಿ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ. ಎದೆಗೆ ಸಿಕ್ಕಿಸುವ ಗ್ಯಾಸ್ ಮೀಟರ್ ಇಲ್ಲದೆ, ಒಬ್ಬರೇ ಸೆನ್ಸರ್ ಕಟ್ಟಲು ಹೋಗಬೇಡಿ.

ಟೈಮರ್ ಇರುವ ಯಂತ್ರ ಹೇಳದೆ ಕೇಳದೆ ಶುರುವಾಗುತ್ತದೆ. ಕ್ರ್ಯಾಂಕಿಗೆ ಅಯಸ್ಕಾಂತ ಹಚ್ಚುವ ಮುಂಚೆ ಮೇನ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ಬ್ರೇಕ್ ಹಾಕಿ. ಕೌಂಟರ್‌ವೇಟನ್ನು ಸರಪಳಿಯಿಂದ ಕಟ್ಟಿ. ಕರೆಂಟ್ ಇಲ್ಲದಿದ್ದರೂ ತೂಕ ತಾನಾಗಿ ತಿರುಗಬಲ್ಲದು.

ಇಷ್ಟೆಲ್ಲ ಹಾಕಿದ ಮೇಲೆ ದಿನಾ ಹೋಗಿ ನೋಡುವವರು ಬೇಡವಾ?

ಬೇಕು. ಹೋಗುವ ಕ್ರಮ ಮಾತ್ರ ಬದಲಾಗುತ್ತದೆ. ಮೊದಲು ಎಲ್ಲ ಬಾವಿಗಳಿಗೂ ಸರದಿಯಂತೆ ಸುತ್ತುತ್ತಿದ್ದವರು ಈಗ ತೊಂದರೆ ಇರುವ ಬಾವಿಗೆ ಮೊದಲು ಹೋಗುತ್ತಾರೆ. ಉಳಿದವಕ್ಕೆ ಬಿಡುವಾಗಿ ಹೋಗಿ ಸೆನ್ಸರ್ ಕಾಣದ್ದನ್ನು ನೋಡುತ್ತಾರೆ. ಉಕ್ಕಿನ ಹಗ್ಗದಲ್ಲಿ ಎಳೆ ಬಿಟ್ಟಿದೆಯಾ, ಗೇರ್‌ಬಾಕ್ಸಿನ ಎಣ್ಣೆಗೆ ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿದೆಯಾ, ರಾಡ್ ಸ್ಟಫಿಂಗ್ ಬಾಕ್ಸಿನ ನಟ್ಟನಡುವೆ ಇಳಿಯುತ್ತಿದೆಯಾ. ಕ್ರ್ಯಾಂಕ್ ಪಿನ್ನಿನ ನಟ್ಟಿನಿಂದ ಕ್ರ್ಯಾಂಕಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದಿಡಿ. ಖರ್ಚು ಒಂದು ಬ್ರಶ್ಶಿನಷ್ಟು. ದೂರದಿಂದ ನೋಡಿದಾಗ ಆ ಗೆರೆ ಒಂದು ಕೂದಲಿನಷ್ಟು ತಪ್ಪಿದ್ದರೂ ನಟ್ಟು ಸಡಿಲವಾಗಿದೆ ಎಂದೇ ತಿಳಿಯಿರಿ. ಮೊದಲು ಯಂತ್ರ ನಿಲ್ಲಿಸಿ, ಆಮೇಲೆ ಹತ್ತಿರ ಹೋಗಿ.